ಹುಬ್ಬಳ್ಳಿ ಬಾರ್‌ಗಳಿಗೆ ಕಿಟಕಿ ಯಾಕಿಲ್ಲ? ಪಬ್, ಬೀರ್ ಹೌಸ್, ಖಾಯಂ ಗಿರಾಕಿ ಬಗ್ಗೆ ಮಾತಾಡೋಣ ಬರ್ರಿ

ಕೇಶ್ವಾಪುರ ಕಟ್ಟೆ

ಇಂಗ್ಲೆಂಡಿನಲ್ಲಿ 1830ರಲ್ಲಿ ಒಂದು ಬೀರ್ ಕಾಯ್ದೆ ಬಂತು. ತೆರಿಗೆ ಕಟ್ಟುವ ಮನೆಯವನು ಯಾರೇ ಆಗಲಿ, ವರ್ಷಕ್ಕೆ 2 ಗಿನಿ (ಆಗಿನ ಇಂಗ್ಲಿಷ್ ಹಣದ ಲೆಕ್ಕ) ಕೊಟ್ಟರೆ ತನ್ನ ಮನೆಯಲ್ಲೇ ಬೀರ್ ಮಾಡಿ ಮಾರಬಹುದಿತ್ತು. ಮ್ಯಾಜಿಸ್ಟ್ರೇಟ್ ಮುಂದೆ ಕೈಕಟ್ಟಿ ನಿಲ್ಲುವ ಕೆಲಸ ಇರಲಿಲ್ಲ. ಜನ ಜಿನ್ ಕುಡಿದು ಹಾಳಾಗುತ್ತಿದ್ದಾರೆ, ಬೀರ್ ಸೋವಿಯಾದರೆ ಆ ಕಡೆ ಹೊರಳುತ್ತಾರೆ ಅನ್ನೋದು ಸರ್ಕಾರದ ಲೆಕ್ಕ. ಬೀರ್ ಮೇಲಿನ ಸುಂಕವನ್ನೂ ತೆಗೆದರು. ಮೊದಲ ವರ್ಷದಲ್ಲೇ 20,000ಕ್ಕೂ ಹೆಚ್ಚು ಬೀರ್ ಹೌಸ್ ಶುರುವಾದವು. ಎಂಟು ವರ್ಷದಲ್ಲಿ 40,000 ದಾಟಿದವು.

ಹೌಸ್ ಅಂದರೆ ನಿಜವಾಗಿಯೂ ಮನೆ. ಮುಂದಿನ ಪಡಸಾಲೆಯಲ್ಲಿ ಒಂದೆರಡು ಬೆಂಚು, ಹಿಂದೆ ಬೀರ್ ಪೀಪಾಯಿ. ಮನೆಯಾಕೆ ಜಗ್ಗು ಹಿಡಿದು ಸುರಿಯುತ್ತಾಳೆ. ಜಿನ್, ಬ್ರಾಂಡಿ ಮಾರುವ ಹಾಗಿಲ್ಲ. ಬರುವವರು ಅದೇ ಓಣಿಯ ಗಿರಣಿ ಕೆಲಸಗಾರರು, ಕಮ್ಮಾರರು, ಗಾಡಿಯವರು. ಯಾರು ಎಲ್ಲಿ ಕೂಡುತ್ತಾರೆ, ಯಾರ ಮಗ್ಗು ಯಾವ ಮೊಳೆಗೆ ಎಂಬುದೆಲ್ಲ ಗೊತ್ತಿರುವ ಜಾಗ. 1869ರಲ್ಲಿ ಮತ್ತೆ ಮ್ಯಾಜಿಸ್ಟ್ರೇಟರ ಲೈಸೆನ್ಸ್ ಬಂದು ಈ ಸಲೀಸು ಮುಗಿಯಿತು. ಅಷ್ಟರಲ್ಲಿ ಖಾಯಂ ಗಿರಾಕಿ ಅನ್ನುವವನು ಆ ದೇಶದ ಓಣಿ ಓಣಿಯಲ್ಲಿ ಬೇರು ಬಿಟ್ಟಿದ್ದ.

ಈಗ ನಮ್ಮ ಸ್ಟೇಷನ್ ರೋಡಿಗೆ ಬರ್ರಿ. ಕಪ್ಪು ಗಾಜು, ದಪ್ಪ ಪರದೆ, ಒಳಗೆ ಕೆಂಪು ಬಲ್ಬು, ಪ್ಲೈವುಡ್ ಕ್ಯಾಬಿನ್ನು. ಮಧ್ಯಾಹ್ನ ಮೂರಕ್ಕೆ ಒಳಗೆ ಹೋದರೂ ರಾತ್ರಿ. "ನಮ್ಮ ಮಂದಿಗೆ ನಾಚಿಕೆ ಜಾಸ್ತಿ, ಸಂಸ್ಕೃತಿ ಬೇರೆ" ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಈ ಪರದೆಯನ್ನು ಹೊಲಿದದ್ದು ಕಾಯ್ದೆ ಮತ್ತು ತೆರಿಗೆ ಅಂತ ನನ್ನ ಅಭಿಪ್ರಾಯ. ತಿಳಿದವರು ಹೇಳಿ.

ಗಿರ್ಮಿಟ್ ಪ್ರೇಮಿ

ಕಿಟಕಿ ಇಟ್ಟರೆ ಚಿಗವ್ವ ನೋಡ್ತಾಳ್ರಿ. ಅದಕ್ಕೆ ಪರದೆ. ಚರ್ಚೆ ಮುಗೀತು.

ಮಾಳಮಡ್ಡಿ ಮಾಸ್ತರ

ಚಿಗವ್ವನ ಮಾತನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಆದರೆ ಕಟ್ಟೆಯವರ ಮಾತಿನಲ್ಲೂ ಹುರುಳಿದೆ.

ನಮ್ಮ ಕಡೆ ಕುಡಿತದ ಇತಿಹಾಸ ಬರೆಯುವವರು ಬೆಂಗಳೂರಿನಿಂದ ಶುರು ಮಾಡುತ್ತಾರೆ. ಬ್ರಿಟಿಷ್ ದಂಡು, ಕಂಟೋನ್ಮೆಂಟು, 1933ರ ಡಿವರ್ಸ್ ಬಾರು, ಆಮೇಲೆ 1980ರ ದಶಕದ ಪಬ್ಬುಗಳು. ಅದು ಬೇರೆ ಊರಿನ ಕಥೆ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರ ತನಕ ಮುಂಬೈ ಪ್ರಾಂತದಲ್ಲಿತ್ತು. ಇವತ್ತಿನ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಾ ಅದರೊಳಗೇ ಬಂದವು. ನಮ್ಮ ಸೆರೆ ಅಂಗಡಿಯ, ಅಂದರೆ ಸರಾಯಿ ಅಂಗಡಿಯ, ಜಾತಕ ಮುಂಬೈಯಲ್ಲಿದೆ.

1878ರಲ್ಲಿ ಮುಂಬೈ ಅಬಕಾರಿ ಕಾಯ್ದೆ ಬಂತು. ಇಂಗ್ಲೆಂಡಿನಲ್ಲಿ ಅದೇ ಆಳುವವರು ಓಣಿಯವನ ಕೈಗೆ ಬೀರ್ ಮಾರುವ ಹಕ್ಕು ಕೊಟ್ಟಿದ್ದರಲ್ಲ, ಇಲ್ಲಿ ಅದರ ಉಲ್ಟಾ ಮಾಡಿದರು. ಹಳ್ಳಿಯಲ್ಲಿ ತನ್ನ ಪಾಡಿಗೆ ಭಟ್ಟಿ ಇಳಿಸುತ್ತಿದ್ದವನು, ಮರದಿಂದ ಹೆಂಡ ಇಳಿಸುತ್ತಿದ್ದವನು ಅಪರಾಧಿಯಾದ. ಮಾರುವ ಹಕ್ಕು ಹರಾಜಿಗೆ ಹೋಯಿತು. ಹರಾಜು ಹಿಡಿದ ಗುತ್ತಿಗೆದಾರನಿಗೆ ಹಾಕಿದ ರೊಕ್ಕ ಬೇಗ ಬರಬೇಕು. ಗಿರಾಕಿ ಕೂತು ಹರಟೆ ಹೊಡೆದರೆ ಅವನಿಗೇನು ಲಾಭ? ನಿಲ್ಲು, ಕುಡಿ, ನಡಿ. ಕೂಡುವ ಬೆಂಚು ಅಲ್ಲಿಗೇ ಹೋಯಿತು ಅನ್ನಿ.

ಹಾಗಾಗಿ ಸ್ವಾತಂತ್ರ್ಯ ಚಳವಳಿಯವರ ಕಣ್ಣಿಗೆ ಸೆರೆ ಅಂಗಡಿ ಅಂದರೆ ಸರ್ಕಾರದ ಖಜಾನೆಯ ಬಾಗಿಲು. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆ ಅಂಗಡಿ ಮುಂದೆ ಪಿಕೆಟಿಂಗ್ ಮಾಡುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಖಿಲಾಫತ್ ಚಳವಳಿಯ ಮೂವರು ಸತ್ತರು. ಜಕನಿ ಬಾವಿಯ ಹತ್ತಿರ ಸ್ಮಾರಕ ಇದೆ. ದಿನಾ ಅದರ ಮುಂದೆ ಸ್ಕೂಟರ್ ಓಡಿಸಿಕೊಂಡು ಹೋಗುವವರಲ್ಲಿ ಎಷ್ಟು ಜನರಿಗೆ ಇದು ಸೆರೆ ಅಂಗಡಿ ಮುಂದಿನ ಕಥೆ ಅಂತ ಗೊತ್ತಿದೆಯೋ. ಕುಡಿಯುವ ಜಾಗಕ್ಕೆ ಇಂಥ ನೆನಪು ಅಂಟಿಕೊಂಡ ಊರಿನಲ್ಲಿ ಅದು "ನಮ್ಮ ಓಣಿಯ ಪಡಸಾಲೆ" ಆಗುವುದು ಹೇಗೆ?

ಮುಂದೆ 1949ರ ಮುಂಬೈ ಪಾನನಿಷೇಧ ಕಾಯ್ದೆ. 1950ರ ಏಪ್ರಿಲ್‌ನಿಂದ ಇಡೀ ಪ್ರಾಂತದಲ್ಲಿ ಪೂರ್ತಿ ನಿಷೇಧ. ಮೊರಾರ್ಜಿ ದೇಸಾಯಿಯವರ ಹಟ ಎಲ್ಲರಿಗೂ ಗೊತ್ತು. ವೈದ್ಯರ ಚೀಟಿ ತಂದವರಿಗೆ, ವಿದೇಶಿಯರಿಗೆ ಪರ್ಮಿಟ್. ಇವತ್ತಿಗೂ ಮಹಾರಾಷ್ಟ್ರದಲ್ಲಿ ಬಾರ್ ಬೋರ್ಡಿನ ಮೇಲೆ "ಪರ್ಮಿಟ್ ರೂಮ್" ಅಂತ ಇರುತ್ತದಲ್ಲ, ಅದರ ಮೂಲ ಇಲ್ಲಿದೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಕಾಯ್ದೆ ನಮ್ಮ ಬೆನ್ನು ಬಿಡಲಿಲ್ಲ. 1967ರಲ್ಲಿ ರಾಜ್ಯ ನಿಷೇಧ ತೆಗೆದಾಗಲೇ ಇಲ್ಲಿಗೂ ಬಿಡುಗಡೆ.

ಹದಿನೇಳು ವರ್ಷ ಅಂದರೆ ಒಂದು ತಲೆಮಾರು ಕುಡಿಯುವುದನ್ನೇ ಕದ್ದು ಕಲಿಯಿತು. ಪಕ್ಕದ ಗೋವಾ 1961ರ ಡಿಸೆಂಬರ್ ತನಕ ಪೋರ್ಚುಗೀಸರ ಕೈಯಲ್ಲಿ. ಅಲ್ಲಿ ನಿಷೇಧ ಇಲ್ಲ, ನಡುವೆ ಕಾಡು, ಕಾಡಿನೊಳಗೆ ರೈಲು. ಉಳಿದದ್ದನ್ನು ನೀವೇ ಊಹಿಸಿ. ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿ, ಹಿತ್ತಲಲ್ಲಿ ಕೊಡ. 1967ರ ನಂತರ ಬಾರ್ ತೆಗೆದವರು ಇದೇ ಗಿರಾಕಿಗಳಿಗೆ ಜಾಗ ಕಟ್ಟಿಕೊಟ್ಟರು. ಅವರಿಗೆ ಬೇಕಾದದ್ದು ಕಿಟಕಿಯಲ್ಲ, ಹಿಂಬಾಗಿಲು.

ಕೇಶ್ವಾಪುರ ಕಟ್ಟೆ

ಮಾಸ್ತರ್, ಹಿಂಬಾಗಿಲ ಮಾತು ಸರಿಯಾಗಿ ಕೂತಿತು. ಹಳೆ ಬಾರ್‌ಗಳಲ್ಲಿ ಈಗಲೂ ಎರಡು ಬಾಗಿಲು ಇರುತ್ತವೆ. ಒಂದು ಮುಖ್ಯ ರಸ್ತೆಗೆ, ಇನ್ನೊಂದು ಸಂದಿಗೆ. ಮರ್ಯಾದಸ್ಥರು ಸಂದಿಯಿಂದಲೇ ಬರೋದು.

ಬೆಟಗೇರಿ ಮಗ್ಗ

ಸೆರೆ ಅಂಗಡಿಯಲ್ಲಿ ಖಾಯಂ ಗಿರಾಕಿ ಇರಲಿಲ್ಲ ಅನ್ನೋ ಹಂಗೆ ಬರೀಬ್ಯಾಡ್ರಿ ಮಾಸ್ತರ. ಬೆಂಚು ಇರಲಿಲ್ಲ, ಗಿರಾಕಿ ಇದ್ದ.

ಗದಗ-ಬೆಟಗೇರಿಯಲ್ಲಿ ನೇಕಾರರ ಓಣಿಯಲ್ಲಿ ಬೆಳೆದವನು ನಾನು. ಸಂಜೆ ಮಗ್ಗದ ಸದ್ದು ನಿಂತ ಮೇಲೆ ಅಂಗಡಿ ಮುಂದೆ ಮಂದಿ ಸೇರುತ್ತಿದ್ದರು. ಪಾಕೀಟು ಸರಾಯಿ ಕಾಲ. ಹಲ್ಲಿನಿಂದ ಮೂಲೆ ಹರಿದು, ಉಪ್ಪು ನೆಕ್ಕಿ, ಒಂದೇ ಗುಟುಕು. ಪಕ್ಕದಲ್ಲಿ ಒಬ್ಬಾಕೆ ಬುಟ್ಟಿಯಲ್ಲಿ ಬೇಯಿಸಿದ ತತ್ತಿ, ಹುರಿದ ಶೇಂಗಾ, ಮೆಣಸಿನಕಾಯಿ ಬಜಿ ಇಟ್ಟುಕೊಂಡು ಕೂತಿರುತ್ತಿದ್ದಳು. ಅಂಗಡಿಯವನು ಕೂಡಿಸದ ಮಂದಿಯನ್ನು ಆಕೆ ಕೂಡಿಸುತ್ತಿದ್ದಳು. ಆಕೆಯ ಬುಟ್ಟಿ ಸುತ್ತ ಕುಕ್ಕುರುಗಾಲಿನಲ್ಲಿ ಕೂತವರೇ ನಮ್ಮ ಖಾಯಂ ಗಿರಾಕಿಗಳು. ನೂಲಿನ ರೇಟು, ಸಾಹುಕಾರನ ಲೆಕ್ಕ, ಯಾರ ಮಗಳ ಲಗ್ನ, ಯಾವ ಜಾತ್ರೆಗೆ ಯಾವ ಕುಸ್ತಿ, ಎಲ್ಲಾ ಅಲ್ಲೇ. ಆಕೆಗೆ ಯಾರು ಎಷ್ಟು ಉದ್ರಿ ಅನ್ನೋದು ಬಾಯಿಪಾಠ.

2007ರ ಜುಲೈ 1ಕ್ಕೆ ಸರಾಯಿ ಬಂದ್ ಆಯಿತು. ಅಂಗಡಿ ಹೋಯಿತು, ಬುಟ್ಟಿಯೂ ಹೋಯಿತು. ಕುಡಿಯೋದು ಹೋಯಿತಾ? ಸಣ್ಣ ಡಬ್ಬಿಯಲ್ಲಿ ಅಗ್ಗದ ವಿಸ್ಕಿ ಬಂತು. ರೇಟು ಹೆಚ್ಚು. ಈಗ ಎಂಆರ್‌ಪಿ ಅಂಗಡಿಯಿಂದ ತಗೊಂಡು ಗೋಡೆ ಮರೆಯಲ್ಲಿ ಒಬ್ಬೊಬ್ಬರೇ ನಿಂತು ಕುಡಿಯುತ್ತಾರೆ. ಮಾತಿಲ್ಲ ಕತೆಯಿಲ್ಲ.

ಹಾವೇರಿ ಅಕ್ಕ

ನೀವೆಲ್ಲ ಬಹಳ ಚಂದ ಬರೆಯುತ್ತಿದ್ದೀರಿ. ಬುಟ್ಟಿ, ಬೆಂಚು, ಪಡಸಾಲೆ. ಆ ಸರಾಯಿ ಬಂದ್ ಆಗಲಿ ಅಂತ ಬೀದಿಗೆ ಇಳಿದವರು ಯಾರು ಅಂತ ಯಾರೂ ಬರೆಯಲಿಲ್ಲ ನೋಡ್ರಿ.

ನಮ್ಮ ತಂದೆ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದರು. ಪಗಾರದ ದಿನ ಅಂದರೆ ನಮ್ಮವ್ವ ಮಧ್ಯಾಹ್ನವೇ ತಯಾರು. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಒಬ್ಬಳೇ ಅಲ್ಲ, ಸಾಲಾಗಿ ಹೆಂಗಸರು. ಗೇಟಿನಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಅಂಗಡಿ ಇವೆ ಅಂತ ಎಲ್ಲರಿಗೂ ಗೊತ್ತು. ಅಪ್ಪನ ಕೈಯಿಂದ ಲಕೋಟೆ ಇಸಕೊಂಡ ಮೇಲೆ ಒಂದು ನೋಟು ತಿರುಗಿ ಕೊಡುತ್ತಿದ್ದಳು, "ಹೋಗಿ ಬರ್ರಿ" ಅಂತ. ಜಗಳ ಇಲ್ಲ. ಅದೊಂದು ಒಪ್ಪಂದ. ಸಿಗದ ತಿಂಗಳು ಕಿರಾಣಿ ಅಂಗಡಿಯವನ ಮುಂದೆ ನಾವು ಮಕ್ಕಳು ಹೋಗಬೇಕಿತ್ತು, ಅವ್ವ ಬರುತ್ತಿರಲಿಲ್ಲ.

ಖಾಯಂ ಗಿರಾಕಿ ಅಂದರೆ ನಿಮಗೆ ಕುರ್ಚಿ ನೆನಪಾಗುತ್ತದೆ. ನನಗೆ ಆ ಗೇಟು.

ಇಳಕಲ್ಲಿನ ಮಠದ ಸ್ವಾಮಿಗಳು ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ರೊಕ್ಕ ಬೇಡ, ನಿಮ್ಮ ಚಟ ಹಾಕಿ ಅಂದರು. ನಮ್ಮ ಓಣಿಯಲ್ಲಿ ಅವರ ಫೋಟೋ ಇಲ್ಲದ ಮನೆ ಕಡಿಮೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ನಡೆದುಕೊಂಡು ಹೋದವರು ಹಳ್ಳಿ ಹೆಂಗಸರು. ಪಬ್ಬಿನ ಇತಿಹಾಸ ಬರೆದರೆ ಇವರನ್ನೂ ಬರೆಯಿರಿ.

ಮಾಳಮಡ್ಡಿ ಮಾಸ್ತರ

ಅಕ್ಕಾರ, ನಿಮ್ಮ ಗೇಟಿನ ಮಾತು ಇಂಗ್ಲೆಂಡಿನ ಇತಿಹಾಸದಲ್ಲೂ ಇದೆ. ಅಲ್ಲಿ ಎಷ್ಟೋ ಕಡೆ ಕೂಲಿಯನ್ನು ಪಬ್ಬಿನಲ್ಲೇ ಕೂತು ಬಟವಾಡೆ ಮಾಡುತ್ತಿದ್ದರು. ಮೇಸ್ತ್ರಿಗೂ ಪಬ್ಬಿನವನಿಗೂ ಒಳಒಪ್ಪಂದ. ಕೊನೆಗೆ 1883ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಪಬ್ಬಿನಲ್ಲಿ ಪಗಾರ ಹಂಚಬಾರದು ಅಂತ ನಿಲ್ಲಿಸಿತು. ಪಾನವಿರೋಧಿ ಚಳವಳಿ ಕೂಡ ಅಲ್ಲಿ ಬೀರ್ ಕಾಯ್ದೆಯ ಬೆನ್ನಿಗೇ ಹುಟ್ಟಿತು. 1832ರಲ್ಲಿ ಪ್ರೆಸ್ಟನ್ ಊರಿನಲ್ಲಿ ಜೋಸೆಫ್ ಲಿವ್ಸಿ ಮತ್ತು ಗೆಳೆಯರು ಹನಿಯನ್ನೂ ಮುಟ್ಟುವುದಿಲ್ಲ ಅಂತ ಆಣೆ ಮಾಡಿದರು. ಬೀರ್ ಹೌಸ್ ಎಷ್ಟು ಹಳೆಯದೋ ಅದರ ವಿರೋಧ ಬರೀ ಎರಡು ವರ್ಷ ಚಿಕ್ಕದು.

ನಮ್ಮಲ್ಲಿ ಇದು ಇನ್ನೂ ಹಳೆಯದು. 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇದ್ದ. ಹೆಂಡ ಮಾರುವುದೇ ಕಾಯಕ. ಧರ್ಮೇಶ್ವರಲಿಂಗ ಅಂಕಿತದಲ್ಲಿ ವಚನ ಬರೆದ. ಮಾರುವವನನ್ನೂ ಕೂಡಿಸಿಕೊಂಡು ಮಾತಾಡಿದ ನೆಲ ಇದು. ಆಮೇಲೆ ಆ ಮಾತು ಎಲ್ಲಿ ತಪ್ಪಿತೋ.

ಕೌಂಟರ್ ಹಿಂದಿನವ

ನಾನು ಹುಬ್ಬಳ್ಳಿಯ ಒಂದು ಬಾರ್‌ನಲ್ಲಿ ಬಹಳ ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವನು. ಬಾರ್ ಹೆಸರು ಬೇಡ. ಕಿಟಕಿ ಯಾಕಿಲ್ಲ ಅಂತ ಕೇಳಿದ್ದೀರಿ, ಲೆಕ್ಕದ ಕಡೆಯಿಂದ ಹೇಳುತ್ತೇನೆ.

ಕರ್ನಾಟಕದಲ್ಲಿ ಲೈಸೆನ್ಸು ತರತರ. ಸಿಎಲ್-2 ಅಂದರೆ ವೈನ್ ಶಾಪು, ಎಂಆರ್‌ಪಿ ರೇಟು, ಪಾರ್ಸಲ್ ಮಾತ್ರ, ಕೂಡಿಸುವ ಹಾಗಿಲ್ಲ. ಸಿಎಲ್-9 ಅಂದರೆ ಬಾರ್ ಆ್ಯಂಡ್ ರೆಸ್ಟೋರೆಂಟ್. ಸಿಎಲ್-7 ಅಂದರೆ ಲಾಡ್ಜ್ ಇರುವ ಹೋಟೆಲ್. ಕ್ಲಬ್ಬಿಗೆ ಸಿಎಲ್-4. ಬೀರಿಗೆ ಮಾತ್ರ ಬೇರೆ ಇದೆ, ಆರ್‌ವಿಬಿ ಅಂತ. ಬೆಂಗಳೂರಿನ ಹಳೆ ಪಬ್ಬುಗಳು ಇದರ ಮೇಲೆ ನಡೆದವು. ನಮ್ಮ ಕಡೆ ಬೀರ್ ಒಂದನ್ನೇ ನಂಬಿ ಯಾರು ಕೂಡುತ್ತಾರೆ? ಬೇಸಿಗೆ ಎರಡು ತಿಂಗಳು ಓಡುತ್ತದೆ. ಮಳೆ ಹಿಡಿದರೆ ಎಲ್ಲರೂ ಕ್ವಾರ್ಟರ್ ಕಡೆಗೆ.

ಮುಖ್ಯ ಮಾತು ಇದು. 1992ರಿಂದ ಹೊಸ ಸಿಎಲ್-2, ಸಿಎಲ್-9 ಲೈಸೆನ್ಸು ಕೊಡುವುದನ್ನು ಸರ್ಕಾರ ನಿಲ್ಲಿಸಿಬಿಟ್ಟಿತು. ಹಳೆಯ ಲೈಸೆನ್ಸೇ ಕೈಯಿಂದ ಕೈಗೆ ಹೋಗುತ್ತದೆ, ಅದರ ಬೆಲೆ ಜಾಗದ ಬೆಲೆಗಿಂತ ಹೆಚ್ಚು. ಅಲ್ಲಿ 2 ಗಿನಿಗೆ ಯಾವನೋ ಕಮ್ಮಾರ ಮನೆಯಲ್ಲಿ ಬೀರ್ ಹೌಸ್ ತೆಗೆದ. ಇಲ್ಲಿ ಕೋಟಿ ಮಾತಾಡುವವರು ಮಾತ್ರ ತೆಗೆಯಬಹುದು. ಅಷ್ಟು ಹಾಕಿದವನು ಒಂದು ಬೀರ್ ಇಟ್ಟುಕೊಂಡು ಎರಡು ತಾಸು ಕೂತು ಹರಟುವವನನ್ನು ಪ್ರೀತಿಯಿಂದ ನೋಡುತ್ತಾನಾ? ಲಾಡ್ಜ್ ಇದ್ದರೆ ಸಿಎಲ್-7 ಸಿಗುತ್ತದೆ. ಹಂಗಾಗಿ ಗೋಕುಲ ರೋಡ್ ಕಡೆ ನೋಡ್ರಿ, ಹೊಸದಾಗಿ ಬರೋದೆಲ್ಲ ಮೇಲೆ ರೂಮು, ಕೆಳಗೆ ಬಾರು. ರೂಮಿಗೆ ಮಂದಿ ಬರಲಿ ಬಿಡಲಿ, ಲೈಸೆನ್ಸಿಗಾಗಿ ರೂಮು.

ಇನ್ನು ಬಾಟಲಿ. 2003ರಿಂದ ರಾಜ್ಯದಲ್ಲಿ ಸಗಟು ಮಾರಾಟವೆಲ್ಲ ಸರ್ಕಾರದ ಪಾನೀಯ ನಿಗಮದ ಡಿಪೋದಿಂದಲೇ. 650 ಎಂಎಲ್ ಬಾಟಲಿ, ಅದರಲ್ಲಿ ಸ್ಟ್ರಾಂಗೇ ಜಾಸ್ತಿ. ಇಂಗ್ಲೆಂಡಿನ ಪೈಂಟು 568 ಎಂಎಲ್, ಅದರಲ್ಲಿ ಮದ್ಯದ ಪ್ರಮಾಣ ಸುಮಾರು 4 ಪರ್ಸೆಂಟು. ನಮ್ಮ ಸ್ಟ್ರಾಂಗು 8ರ ತನಕ. ಕೊಟ್ಟ ರೊಕ್ಕಕ್ಕೆ ಏರಬೇಕು ಅಂತ ಗಿರಾಕಿ ಕೇಳುತ್ತಾನೆ, ಕಂಪನಿಯವರೂ ಅದನ್ನೇ ಮಾಡುತ್ತಾರೆ. ಮೂರು ಸ್ಟ್ರಾಂಗ್ ಇಳಿಸಿದವನ ಹತ್ತಿರ ಯಾವ ಹರಟೆ? ಅಳುವುದು ಅಥವಾ ಜಗಳ.

ಆದರೂ ಖಾಯಂ ಗಿರಾಕಿ ಇದ್ದರು. ಬೇಕಾದಷ್ಟು. ಅವರನ್ನು ನಾನು ಮೂರು ತರ ನೋಡಿದ್ದೇನೆ. ಒಬ್ಬ ವೇಟರ್‌ನ ಗಿರಾಕಿ. ಅವನು ಬರುವುದು ಬಾರಿಗಲ್ಲ, ಒಬ್ಬ ವೇಟರ್ ಇದ್ದಾನೆ ಅಂತ. ವೇಟರ್ ಬೇರೆ ಬಾರಿಗೆ ಹೋದರೆ ಇವನೂ ಹಿಂದೆ ಹೋಗುತ್ತಾನೆ. ಕೂತ ಕೂಡಲೇ ಬ್ರಾಂಡು, ಸೋಡಾ, ಸೌತೆಕಾಯಿ ಬರಬೇಕು, ಬಾಯಿ ಬಿಟ್ಟು ಕೇಳಬೇಕಾದರೆ ಅವನಿಗೆ ಅವಮಾನ. ಇನ್ನೊಬ್ಬ ಟೇಬಲ್ ಗಿರಾಕಿ. ಅವನ ಮೂಲೆಯಲ್ಲಿ ಬೇರೆಯವರು ಕೂತಿದ್ದರೆ ಕೌಂಟರ್ ಹತ್ತಿರ ನಿಂತು ನನ್ನ ಮುಖ ನೋಡುತ್ತಾನೆ. ನಾನೇನು ಎಬ್ಬಿಸಲಾ? ಎಷ್ಟೋ ಸಲ ಎಬ್ಬಿಸಿದ್ದೇನೆ, ಫ್ಯಾನ್ ಕೆಟ್ಟಿದೆ ಅಂತ ಸುಳ್ಳು ಹೇಳಿ. ಮೂರನೆಯವನು ಉದ್ರಿ ಗಿರಾಕಿ. ಗೋಡೆ ಮೇಲೆ "ಇಂದು ನಗದು ನಾಳೆ ಉದ್ರಿ" ಬೋರ್ಡು, ಅದರ ಕೆಳಗೇ ಅವನ ಹೆಸರಿನ ನೋಟ್‌ಬುಕ್ಕು. ಮಾಲಕರಿಗೆ ಗೊತ್ತಿಲ್ಲದ ನೋಟ್‌ಬುಕ್ಕು. ಅವನು ಕೊಡದೆ ಹೋದರೆ ನನ್ನ ಪಗಾರದಲ್ಲಿ ಕಟ್. ಅದು ಗೊತ್ತಿದ್ದೇ ಅವನು ಕೊಡುತ್ತಿದ್ದ.

ಹೆಂಡತಿಯರು ಬಾರ್ ನಂಬರಿಗೆ ಫೋನ್ ಮಾಡುತ್ತಿದ್ದರು, ಮೊಬೈಲ್ ಬರುವ ಮುಂಚೆ. "ಬಂದಿದ್ದಾರಾ?" ಅಂತ ಕೇಳುವುದಿಲ್ಲ. "ಊಟಕ್ಕೆ ಬರ್ತಾರಂತಾ?" ಅಂತ. ನಾನು ಹಾಲಿನ ಕಡೆ ನೋಡಿ ಎಷ್ಟನೇ ಪೆಗ್ಗು ಅಂತ ಲೆಕ್ಕ ಹಾಕಿ "ಅರ್ಧ ತಾಸು ಅಕ್ಕಾರ" ಅನ್ನುತ್ತಿದ್ದೆ. ಅಕ್ಕಾರಿಗೂ ಗೊತ್ತು ಅರ್ಧ ತಾಸು ಅಂದರೆ ಎಷ್ಟು ಅಂತ.

ಗಿರ್ಮಿಟ್ ಪ್ರೇಮಿ

ಫ್ಯಾನ್ ಕೆಟ್ಟಿದೆ ಅಂತ ನನ್ನನ್ನೂ ಎಬ್ಬಿಸಿದ್ದಾರ್ರಿ ಯಾರೋ. ಈಗ ಗೊತ್ತಾಯ್ತು.

ಬೋಲ್ಟನ್‌ನಲ್ಲಿರೋ ಧಾರವಾಡದವ

ಕೌಂಟರ್ ಅಣ್ಣಾರ, ನಿಮ್ಮ ಮೂಲೆ ಗಿರಾಕಿ ನನ್ನ ಓಣಿಯಲ್ಲೂ ಇದ್ದಾನೆ, ಮುಖ ಮಾತ್ರ ಕೆಂಪು.

ನಾನಿರುವ ಇಂಗ್ಲೆಂಡಿನ ಬೋಲ್ಟನ್ ಈ ವಿಷಯಕ್ಕೆ ಹೆಸರುವಾಸಿ ಊರು. 1930ರ ದಶಕದ ಕೊನೆಯಲ್ಲಿ ಮಾಸ್ ಅಬ್ಸರ್ವೇಶನ್ ಅನ್ನುವ ಗುಂಪಿನವರು ಇಲ್ಲಿಗೆ ಬಂದು ಪಬ್ಬುಗಳಲ್ಲಿ ಕೂತು ಎಲ್ಲಾ ಬರೆದುಕೊಂಡರು. ಒಂದು ಪೈಂಟು ಮುಗಿಸಲು ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ನೋಡಿದರು. ಒಂದೇ ಪಬ್ಬಿನೊಳಗೆ ಎರಡು ಲೋಕ ಇತ್ತು. ವಾಲ್ಟ್ ಅಂದರೆ ಕೆಲಸಗಾರ ಗಂಡಸರ ಕೋಣೆ. ಸಾದಾ ಬೆಂಚು, ಹೆಂಗಸರಿಗೆ ಪ್ರವೇಶವಿಲ್ಲ. ಲೌಂಜ್ ಅಂದರೆ ಮೆತ್ತನೆ ಕುರ್ಚಿ, ಹೆಂಡತಿಯನ್ನು ಕರೆದುಕೊಂಡು ಬರಬಹುದು. ಅದೇ ಬೀರು, ಲೌಂಜಿನಲ್ಲಿ ಒಂದು ಪೆನ್ನಿ ಜಾಸ್ತಿ. ನಮ್ಮ ಕೆಳಗೆ ಜನರಲ್, ಮೇಲೆ ಎಸಿ ಹಾಲ್, ಎರಡು ಮೆನು ಕಾರ್ಡು. ಅದೇ ತಾನೆ?

ಪರದೆಯೂ ಇತ್ತು. ಹಳೆ ಪಬ್ಬುಗಳ ಕೆಳಗಿನ ಗಾಜು ಮಸುಕು, ಕೆತ್ತನೆ ಕೆತ್ತನೆ. ಹೊರಗಿನವರಿಗೆ ಒಳಗಿನವರ ಮುಖ ಕಾಣಬಾರದು ಅಂತ. ಸ್ನಗ್ ಅಂತ ಪುಟ್ಟ ಕೋಣೆ ಇರುತ್ತಿತ್ತು, ಪಾದ್ರಿಗಳು, ಪೊಲೀಸರು, ಹೆಂಗಸರು ಮರೆಯಲ್ಲಿ ಕೂಡಲು. ನಮ್ಮ ಕ್ಯಾಬಿನ್ನಿನ ಅಕ್ಕ ಅನ್ನಿ. ಆದ್ದರಿಂದ ಕಟ್ಟೆಯವರೇ, ನಾಚಿಕೆ ಎಲ್ಲಾ ಕಡೆ ಇತ್ತು. ನಿಮ್ಮ ವಾದಕ್ಕೆ ಸ್ವಲ್ಪ ಪೆಟ್ಟು.

ಕಾಯ್ದೆ ಮಾತಿಗೆ ಬಂದರೆ ಇಲ್ಲೂ ಕಡಿಮೆಯೇನಿಲ್ಲ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸ ಕೆಡಬಾರದು ಅಂತ ಪಬ್ಬಿಗೆ ಮಧ್ಯಾಹ್ನ ಬಾಗಿಲು ಹಾಕಿಸಿದರು. ಆ ಮಧ್ಯಾಹ್ನದ ಬೀಗ ತೆಗೆದದ್ದು 1988ರಲ್ಲಿ! 1915ರಲ್ಲಿ ಒಬ್ಬ ಇನ್ನೊಬ್ಬನಿಗೆ ಕುಡಿಸಬಾರದು ಅಂತ ಹುಕುಂ ಬಂತು. ಪಾರ್ಟಿ ಕೊಡಿಸೋದೇ ಅಪರಾಧ. ಹುಬ್ಬಳ್ಳಿಯಲ್ಲಿ ಇಂಥದ್ದು ಬಂದಿದ್ದರೆ ಗೆಳೆತನವೇ ನಿಲ್ಲುತ್ತಿತ್ತು.

ಎಲ್ಲಕ್ಕಿಂತ ಸ್ವಾರಸ್ಯ ಕಾರ್ಲೈಲ್ ಊರಿನದು. ಗ್ರೆಟ್ನಾದ ಮದ್ದುಗುಂಡು ಕಾರ್ಖಾನೆಯ ಹತ್ತಿರದ ಊರು. 1916ರಲ್ಲಿ ಸರ್ಕಾರವೇ ಅಲ್ಲಿನ ಬ್ರೂವರಿ, ಪಬ್ಬು ಎಲ್ಲಾ ಕೊಂಡುಕೊಂಡಿತು. ಮ್ಯಾನೇಜರಿಗೆ ಖಾಯಂ ಪಗಾರ. ಬೀರ್ ಎಷ್ಟು ಮಾರಿದರೂ ಕಮಿಷನ್ ಇಲ್ಲ, ಊಟ ಮಾರಿದರೆ ಇದೆ. ಅಡ್ಡಗೋಡೆ ಒಡೆದು ಬೆಳಕು ಬಿಟ್ಟರು. ಹ್ಯಾರಿ ರೆಡ್‌ಫರ್ನ್ ಅನ್ನುವ ವಾಸ್ತುಶಿಲ್ಪಿ ಹೊಸ ಪಬ್ಬು ಕಟ್ಟಿದ. ಯುದ್ಧಕ್ಕೆ ಅಂತ ಶುರುವಾದದ್ದು 1973ರವರೆಗೆ ನಡೆಯಿತು. ನಮ್ಮ ಸರ್ಕಾರವೂ ಮದ್ಯದ ವ್ಯಾಪಾರಿಯೇ, ಸಗಟು ಅದರ ಕೈಯಲ್ಲಿ, ಎಂಎಸ್‌ಐಎಲ್ ಅನ್ನುವ ಸರ್ಕಾರಿ ಕಂಪನಿಯ ಮದ್ಯದಂಗಡಿಯೂ ಅದರದ್ದು. ಆದರೆ ಬಾಟಲಿ ಮಾರುತ್ತದೆ, ಕುರ್ಚಿ ಹಾಕುವುದಿಲ್ಲ.

ಕೇಶ್ವಾಪುರ ಕಟ್ಟೆ

ಮಸುಕು ಗಾಜಿನ ಮಾತು ಒಪ್ಪಿದೆ. ಆದರೂ ಅಲ್ಲಿ ಗಾಜು ಮಸುಕಾದದ್ದು ಕೆಳಗರ್ಧ ಮಾತ್ರ, ಮೇಲಿಂದ ಬಿಸಿಲು ಬರುತ್ತಿತ್ತು. ನಮ್ಮಲ್ಲಿ ಬಿಸಿಲಿಗೂ ಪರ್ಮಿಟ್ ಬೇಕು.

ಇನ್ನೊಂದು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು. ಹೆದ್ದಾರಿಗೇ ಅಂಟಿಕೊಂಡು ಬೆಳೆದ ನಮ್ಮಂಥ ಅವಳಿ ನಗರದಲ್ಲಿ ಮಾಲಕರಿಗೆ ಗಾಬರಿ. ಮುಂದಿನ ವರ್ಷ ಕೋರ್ಟೇ ನಗರದೊಳಗಿನವಕ್ಕೆ ಅದು ಅನ್ವಯಿಸಲ್ಲ ಅಂತ ಸ್ಪಷ್ಟಪಡಿಸಿತು. ಯಾವತ್ತು ಬೀಗ ಬೀಳುತ್ತೋ ಅನ್ನುವ ಧಂದೆಯಲ್ಲಿ ಒಳ್ಳೆ ಕುರ್ಚಿ, ಕಿಟಕಿಗೆ ಯಾರು ರೊಕ್ಕ ಹಾಕುತ್ತಾರೆ ಹೇಳಿ.

ಸಪ್ತಾಪುರ ರೂಮ್ ನಂ. 4

ಧಾರವಾಡದಲ್ಲಿ ಓದುತ್ತಿರುವವನು ನಾನು. ಹಿರಿಯರೆಲ್ಲ ಪಬ್ ಇಲ್ಲ ಪಬ್ ಇಲ್ಲ ಅಂತಿದ್ದೀರಿ. ಪಬ್ಬಿನ ಕೆಲಸ ನಮ್ಮ ಕಡೆ ಬೇರೆಯವರು ಮಾಡಲಿಲ್ವಾ? ಸುಭಾಷ್ ರೋಡಿನ ಮನೋಹರ ಗ್ರಂಥಮಾಲೆಯ ಅಟ್ಟ ನೋಡಿ. 1933ರಿಂದ ನಡೆದುಬಂದ ಪ್ರಕಾಶನ. ಕನ್ನಡದ ದೊಡ್ಡ ದೊಡ್ಡವರು ಆ ಮಾಳಿಗೆ ಹತ್ತಿ ಹರಟೆ ಹೊಡೆದರು. ಅಲ್ಲಿ ಖಾಯಂ ಗಿರಾಕಿಗಳೂ ಇದ್ದರು, ಖಾಯಂ ಜಾಗವೂ ಇತ್ತು. ಚಹಾ ಒಂದೇ ಸಾಕಾಯಿತು.

ಬೆಟಗೇರಿ ಮಗ್ಗ

ಅಟ್ಟಕ್ಕೆ ನೇಕಾರ ಹತ್ತುತ್ತಿದ್ದನಾ ತಮ್ಮಾ? ಓದು ಬರಹ ಇದ್ದವರಿಗೆ ಅಟ್ಟ ಸಿಕ್ಕಿತು, ರೊಕ್ಕ ಇದ್ದವರಿಗೆ ಕ್ಲಬ್ ಸಿಕ್ಕಿತು. ಉಳಿದವರಿಗೆ ಗೋಡೆ ಮರೆ.

ನಮ್ಮಂಥವರಿಗೆ ಹತ್ತಿರದ್ದು ಅಂದರೆ ಸಾವಜಿ ಖಾನಾವಳಿ. ಹುಬ್ಬಳ್ಳಿ, ಗದಗ, ಬೆಟಗೇರಿ, ಎಲ್ಲಿ ಪಟ್ಟೇಗಾರ ನೇಕಾರರ ಮಗ್ಗ ಇತ್ತೋ ಅಲ್ಲಿ ಆ ಖಾರದ ಸಾರು ಇತ್ತು. ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಟೇಬಲ್ಲು, ಒಳಗೆ ಮನೆಯ ಹೆಂಗಸರ ಕೈ ಅಡುಗೆ. ಖೈಮಾ ಉಂಡೆ, ರೊಟ್ಟಿ, ಉಳ್ಳಾಗಡ್ಡಿ. ಕಟ್ಟೆಯವರ ಬೀರ್ ಹೌಸ್ ವರ್ಣನೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಇದೇ. ಮನೆನೇ ಅಂಗಡಿ, ಮನೆಯಾಕೆನೇ ಯಜಮಾನಿ. ಕುಡಿದು ಬಂದವನೂ ಅಲ್ಲಿ ದನಿ ಎತ್ತುತ್ತಿರಲಿಲ್ಲ, ಒಳಗಿಂದ ಆಕೆ ಒಂದು ಸಲ ಕೆಮ್ಮಿದರೆ ಸಾಕಿತ್ತು.

ಹಾವೇರಿ ಅಕ್ಕ

ಇದು ನಿಜ. ಅಂಥ ಖಾನಾವಳಿಗೆ ನಮ್ಮವ್ವನೂ ಬಂದು ಉಂಡಿದ್ದಾಳೆ, ಅಪ್ಪನ ಜೊತೆ.

ಒಂದು ಪ್ರಶ್ನೆ ಕೇಳುತ್ತೇನೆ, ಕೌಂಟರ್ ಅಣ್ಣ ಉತ್ತರ ಕೊಡಲಿ. ನಾಳೆ ಹುಬ್ಬಳ್ಳಿಯಲ್ಲಿ ಕಿಟಕಿ ಇರುವ, ಬೆಳಕು ಇರುವ ಬಾರ್ ಬಂತು ಅಂತ ಇಟ್ಟುಕೊಳ್ಳಿ. ನಾನು ಒಬ್ಬಳೇ ಬಂದು ಮುಂದಿನ ಹಾಲಿನಲ್ಲಿ ಕೂತು ಲಿಂಬು ಸೋಡಾ, ಒಂದು ಪ್ಲೇಟ್ ಮಿರ್ಚಿ ಕೇಳಿದರೆ ಕೊಡುತ್ತೀರಾ?

ಕೌಂಟರ್ ಹಿಂದಿನವ

ಖರೇ ಹೇಳಬೇಕಂದರೆ ಈಗಿನ ಸ್ಥಿತಿಯಲ್ಲಿ ಕೊಡೋದಿಲ್ಲ ಅಕ್ಕಾರ. ನಗುನಗುತ್ತಾ "ಫ್ಯಾಮಿಲಿ ಸೆಕ್ಷನ್ ಮೇಲೆ ಐತ್ರಿ" ಅಂತ ಮೆಟ್ಟಿಲು ತೋರಿಸುತ್ತೇವೆ. ನೀವು ಹಾಲಿನಲ್ಲಿ ಕೂತರೆ ಗಿರಾಕಿಗಳು ಬೈಗುಳ ನುಂಗಿಕೊಂಡು ಕೂಡಬೇಕಾಗುತ್ತದೆ, ಅರ್ಧ ಮಂದಿ ಎದ್ದು ಹೋಗುತ್ತಾರೆ. ಮಾಲಕರು ನನ್ನನ್ನು ಕೇಳುತ್ತಾರೆ ಇವತ್ತು ಗಲ್ಲಾ ಯಾಕೆ ಕಡಿಮೆ ಅಂತ.

ಬೋಲ್ಟನ್‌ನಲ್ಲಿರೋ ಧಾರವಾಡದವ

ಇಲ್ಲಿ ಆಗ ಎದ್ದು ಹೋದವರನ್ನು ಕಾಯುತ್ತಾ ಕೂತ ಪಬ್ಬುಗಳೇ ಈಗ ಮುಚ್ಚುತ್ತಿವೆ. ಸೂಪರ್ ಮಾರ್ಕೆಟ್ಟಿನ ಸೋವಿ ಬೀರ್, 2007ರ ಧೂಮಪಾನ ನಿಷೇಧ, ಬ್ರೂವರಿ ಕಂಪನಿಗಳ ಬಾಡಿಗೆ, ಎಲ್ಲಾ ಸೇರಿ ಹೊಡೆದವು. ಉಳಿದುಕೊಂಡವು ಊಟ ಇಟ್ಟವು, ಮಕ್ಕಳಿಗೆ ಕುರ್ಚಿ ಹಾಕಿದವು. ನಮ್ಮ ಓಣಿಯ ಪಬ್ಬಿನಲ್ಲಿ ಬುಧವಾರ ಮಧ್ಯಾಹ್ನ ಅಜ್ಜಿಯರು ಉಣ್ಣೆ ಹೆಣೆಯುತ್ತಾರೆ, ಚಹಾ ಕುಡಿಯುತ್ತಾರೆ. ಮೂಲೆ ಗಿರಾಕಿ ಗೊಣಗುತ್ತಾನೆ, ಆದರೆ ಬರೋದು ಬಿಟ್ಟಿಲ್ಲ.

ಹಾವೇರಿ ಅಕ್ಕ

ನಿಮ್ಮ ಗಿರಾಕಿಗಳು ಎದ್ದು ಹೋಗಲಿ ಬಿಡ್ರಿ ಕೌಂಟರ್ ಅಣ್ಣ. ಎದ್ದರೆ ಮನೆಗೇ ಹೋಗುತ್ತಾರಲ್ಲ. ಬೈಗುಳ ನುಂಗಿಕೊಂಡು ಕೂತವರ ಬಿಲ್ಲಿನಲ್ಲಿ ನನ್ನ ಮಿರ್ಚಿ ಸೇರಿಸಿ.

ಕೌಂಟರ್ ಹಿಂದಿನವ

ಮಿರ್ಚಿ ಕೌಂಟರಿನ ಲೆಕ್ಕದಲ್ಲಿ ಅಕ್ಕಾರ. ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.